ರತ್ನಾವತಿಯ ಹೇಸಿಗೆ

ರತ್ನಾವತಿಗೆ ಹೇಸಿಗೆ ಎನ್ನುವುದು ಹುಟ್ಟಿನಿಂದಲೇ ಬಂದದ್ದು. ಯಾರಾದರೂ ಕ್ಯಾಕರಿಸಿದ ಸದ್ದು ಕಿವಿಗೆ ಬಿದ್ದರೆ ಆ ಹೊತ್ತಿನ ಊಟ ಅವಳಿಗೆ ಇಳಿಯುತ್ತಿರಲಿಲ್ಲ. ಸೋಪಿಗೆ ಬೇರೆಯವರ ಕೂದಲು ಅಂಟಿದ್ದು ಕಂಡರೆ ಸೋಪನ್ನೇ ಎಸೆದುಬಿಡುವಳು. ಬಸ್ಸಿನ ಕಂಬಿಯನ್ನು ಬರಿಗೈಯಲ್ಲಿ ಹಿಡಿದವಳಲ್ಲ, ನಡುವೆ ಸೆರಗಿನ ತುದಿ ಇರಲೇಬೇಕು. ಇಂಥವಳ ಮನೆಗೆ, ಅರವತ್ತರ ಆಸುಪಾಸಿನಲ್ಲಿ, ದೇವರು ಎರಡು ಮೊಮ್ಮಕ್ಕಳನ್ನು ತಂದು ಬಿಟ್ಟಿದ್ದ. ನಾಲ್ಕೂವರೆ ವರ್ಷದ ಹುಡುಗಿ ಮೌನ, ಮೂರು ತುಂಬುತ್ತಿರುವ ವರುಣ್. ಅವಳಿಗೆ ಮೂಗು ಸೋರುತ್ತಿತ್ತು, ಇವನಿಗೆ ಮಿಕ್ಕದ್ದೆಲ್ಲ ಸೋರುತ್ತಿತ್ತು.

ಹಾಗಾದರೆ ತನ್ನ ಮಗ ಸೂರಜ್‌ನನ್ನು ಹೇಗೆ ಸಾಕಿದಳು ಎಂದು ಕೇಳಬಹುದು. ಅವಳು ಸಾಕಲಿಲ್ಲ. ಬಾಣಂತನಕ್ಕೆ ಬಂದ ಅವಳ ತಾಯಿ ಪ್ರೇಮಮ್ಮ ಮಗಳ ಅವಸ್ಥೆ ನೋಡಿ ಮದ್ರಾಸಿನಲ್ಲೇ ಮೂರು ವರ್ಷ ನಿಂತುಬಿಟ್ಟರು. ತೊಳೆಯುವುದು, ಒರೆಸುವುದು, ಕಕ್ಕಿದ್ದನ್ನು ಬಳಿಯುವುದು ಪ್ರೇಮಮ್ಮನ ಪಾಲು. ಎಣ್ಣೆ ಸವರಿ, ಮೀಯಿಸಿ, ಪೌಡರು ಹಾಕಿ ಹೊರಬಂದ ಮಗು ರತ್ನಾವತಿಯ ಪಾಲು. ಈಗ ಪ್ರೇಮಮ್ಮ ಇಲ್ಲ.

ಕೀಲ್ಪಾಕಿನ ಆ ಎರಡನೇ ಮಹಡಿಯ ಮನೆಯಲ್ಲಿ ಗಲಾಟೆ ಶುರುವಾದದ್ದು ಮೇ ತಿಂಗಳ ಇಪ್ಪತ್ತನೇ ತಾರೀಕು, ಮದ್ರಾಸಿನವರು ಕತ್ತಿರಿ ಎನ್ನುವ ಕಡುಬಿಸಿಲು ತಲೆ ಸೀಳುತ್ತಿದ್ದಾಗ. ಸೊಸೆ ವೀಕ್ಷಾ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದವಳು. ವರುಣ್ ಹುಟ್ಟಿದ ಮೇಲೆ ಹೆರಿಗೆ ರಜೆ, ಆಮೇಲೆ ಸಂಬಳವಿಲ್ಲದ ರಜೆ ಎಂದು ಎಳೆದೂ ಎಳೆದೂ ಇನ್ನು ಎಳೆಯಲು ಏನೂ ಉಳಿದಿರಲಿಲ್ಲ. ಆಫೀಸಿನಿಂದ ಕಾಗದ ಬಂತು. ಅವಳು ಅದನ್ನು ಓದಿ, ಮಡಚಿ, ದೋಸೆ ಹುಯ್ಯುತ್ತಿದ್ದ ಅತ್ತೆಯ ಬಳಿ ಹೋಗಿ ನಿಂತಳು.

"ಅತ್ತೆ, ಜೂನ್ ಹತ್ತಕ್ಕೆ ಸೇರ್ಲಿಕ್ಕೆ ಹೇಳಿದ್ದಾರೆ. ಇಲ್ಲದಿದ್ರೆ ರಾಜೀನಾಮೆ ಬರೆದು ಕೊಡಿ ಅಂತ."

"ನರ್ಸರಿಯವರು ಇವನನ್ನು ತಕೊಳ್ತಾರಾ?"

"ಡೈಪರ್ ಬಿಟ್ರೆ ತಕೊಳ್ತಾರೆ."

"ಬಿಡದಿದ್ರೆ? ತೊಳೀಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ತಿ. ಮೊದಲೇ ಹೇಳಿದ್ದೇನೆ."

"ಗೊತ್ತುಂಟು ಅತ್ತೆ. ಮೂರು ವಾರ ಉಂಟಲ್ಲ, ಕಲಿಸ್ತೇನೆ."

ಅಷ್ಟೇ ಮಾತು. ಮೂರು ವಾರದಲ್ಲಿ ವರುಣ್ ಚಡ್ಡಿ ಒದ್ದೆ ಮಾಡುವುದನ್ನು ಬಿಟ್ಟರೆ ವೀಕ್ಷಾಳ ಕೆಲಸ ಉಳಿಯುತ್ತದೆ, ಬಿಡದಿದ್ದರೆ ಹೋಗುತ್ತದೆ. ಏಳು ವರ್ಷದ ಕೆಲಸ ಮೂರು ವರ್ಷದ ಪೋರನ ಚಡ್ಡಿಗೆ ಬಂದು ನಿಂತಿತ್ತು.

ಆ ಮನೆಯ ಊಟವನ್ನು ನೋಡಿದವರಿಗೆ ಮೂರು ವಾರ ಸಾಲುವುದಿಲ್ಲ, ಮೂರು ಜನ್ಮ ಬೇಕು ಎಂದು ಅನ್ನಿಸುತ್ತಿತ್ತು. ಮೌನ ಇಡ್ಲಿಯನ್ನು ಕಚ್ಚಿ, ಕಚ್ಚಿದ ಕಡೆಯಿಂದಲೇ ಚಟ್ನಿಯ ಪಾತ್ರೆಗೆ ಅದ್ದುವಳು. ಅದ್ದಬೇಡ ಎಂದರೆ, ಅದ್ದಿದ ಇಡ್ಲಿಯನ್ನು ಪಾತ್ರೆಯಲ್ಲೇ ಬಿಟ್ಟು ಕೈ ಎತ್ತುವಳು. ವರುಣ್ ಸಾಂಬಾರನ್ನವನ್ನು ಬಾಯಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಫೋನಿನಲ್ಲಿ ಬೊಂಬೆಯಾಟ ನೋಡಿ, ಕೊನೆಗೆ ಅದನ್ನು ಬಿಸಿ ಬಿಸಿಯಾಗಿ ಫೋನಿನ ಮೇಲೆಯೇ ಉಗುಳುವನು. ಸೂರಜ್ ಕುರ್ಚಿಯಿಂದ ಏಳದೆಯೇ "ಅಮ್ಮಾ, ಬಟ್ಟೆ" ಎಂದು ಕೂಗುವನು. ಬಟ್ಟೆ ಅವನ ಬೆನ್ನ ಹಿಂದೆಯೇ ಮೊಳೆಗೆ ನೇತಾಡುತ್ತಿರುತ್ತಿತ್ತು.

ರತ್ನಾವತಿ ಎಂಜಲಾದ ಚಟ್ನಿಯನ್ನು ಚೆಲ್ಲಿ ಮತ್ತೆ ಕಾಯಿ ತುರಿಯುವಳು. ಮೇ ತಿಂಗಳಲ್ಲಿ ಆ ಮನೆಯಲ್ಲಿ ದಿನಕ್ಕೆ ಎರಡು ಸಲ ಚಟ್ನಿ ಆಗುತ್ತಿತ್ತು, ತಿನ್ನುವವರು ಮಾತ್ರ ಒಂದೇ ಸಲ.

ಬುಧವಾರ ವೀಕ್ಷಾ ಪುರಸೈವಾಕ್ಕಂಗೆ ಹೋಗಿ ಮಕ್ಕಳು ಕೂತು ಹೇಲುವ, ಬಾತುಕೋಳಿಯ ಆಕಾರದ ಹಳದಿ ಪಾಟಿ ತಂದಳು. ವರುಣ್ ಅದನ್ನು ಕಂಡು ಕುಣಿದಾಡಿದ. ಅದರಲ್ಲಿ ಕಾರುಗಳನ್ನು ತುಂಬಿದ, ತಲೆಗೆ ಹಾಕಿಕೊಂಡು ಹೆಲ್ಮೆಟ್ ಮಾಡಿದ, ಅಜ್ಜನ ಚಪ್ಪಲಿಗಳನ್ನು ಅದರಲ್ಲಿಟ್ಟು ಮನೆಯಿಡೀ ಎಳೆದಾಡಿದ. ಕೂರಲು ಮಾತ್ರ ಕೂರಲಿಲ್ಲ. ಕೂರಿಸಿದರೆ "ವೇಂಡಾ" ಎಂದು, ಬೇಡವೇ ಬೇಡ ಎಂದು, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸುವನು. ಮನೆಯಲ್ಲಿ ಕನ್ನಡವನ್ನೇ ಕೇಳಿಸಿಕೊಳ್ಳುವ ಮಕ್ಕಳಿಗೆ ಹಟ ಮಾಡಲು ಮಾತ್ರ ತಮಿಳು ಬೇಕಿತ್ತು. ಎಲ್ಲರೂ ಸೋತು ಎದ್ದು ಹೋದ ಮೇಲೆ ಅವನು ಹಾಲ್‌ನ ಪರದೆಯ ಹಿಂದೆ ಹೋಗಿ ನಿಲ್ಲುವನು. ಪರದೆಯ ಕೆಳಗೆ ಎರಡು ಪುಟ್ಟ ಪಾದಗಳು ಕಾಣುವವು, ಒಳಗಿನಿಂದ ತಿಣುಕುವ ಸದ್ದು ಬರುವುದು, ಆಮೇಲೆ ನಾತ.

ನಾಲ್ಕನೆಯ ದಿವಸ ಹೇಗೋ ಪಾಟಿಯಲ್ಲಿ ಒಮ್ಮೆ ಉಚ್ಚೆ ಹೊಯ್ದ. ವೀಕ್ಷಾ ಕೈ ತಟ್ಟಿದಳು, ಚಾಕೊಲೇಟು ಕೊಟ್ಟಳು, ಗಂಡನಿಗೆ ಫೋನು ಮಾಡಿ ಹೇಳಿದಳು. ಪಾಟಿಯನ್ನು ಚೆಲ್ಲಿ, ನೀರು ಸುರಿದು, ಬಾಲ್ಕನಿಯಲ್ಲಿ ಒಣಗಲು ಇಟ್ಟಳು. ಒಂದು ಗಂಟೆಯ ಮೇಲೆ ರತ್ನಾವತಿ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದರೆ, ಮೌನ ಅದೇ ಪಾಟಿಯ ತುಂಬ ಒಗ್ಗರಣೆ ಅವಲಕ್ಕಿ ಹಾಕಿಕೊಂಡು ಕಾಲು ಚಾಚಿ ತಿನ್ನುತ್ತಿದ್ದಳು. ತಮ್ಮನಿಗೂ ಒಂದೊಂದು ತುತ್ತು ಕೊಡುತ್ತಿದ್ದಳು. ಅಜ್ಜಿಯನ್ನು ಕಂಡು, ನಿಮಗೂ ಬೇಕಾ ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ರತ್ನಾವತಿ ಬಚ್ಚಲಿಗೆ ಓಡಿ ಬೆಳಗಿನ ಕಾಫಿಯನ್ನೆಲ್ಲ ಕಕ್ಕಿದಳು. ಆ ಅವಲಕ್ಕಿಯನ್ನು ಅವಳೇ ಕೈಯಾರೆ ಕಲಸಿದ್ದು. ಮುಂದೆ ಎಷ್ಟೋ ದಿವಸ ಅವಳಿಗೆ ಅವಲಕ್ಕಿಯ ಡಬ್ಬಿ ಕಂಡರೆ ಆಗುತ್ತಿರಲಿಲ್ಲ.

ಕೆಲಸಕ್ಕೆ ಬರುವ ಸುಗುಣಾ ನೆಲ ಒರೆಸುತ್ತಿದ್ದಳು, ಪಾತ್ರೆ ತಿಕ್ಕುತ್ತಿದ್ದಳು. ಮಕ್ಕಳದ್ದು ಮುಟ್ಟುವುದಿಲ್ಲ ಎಂದು ಸೇರುವಾಗಲೇ ಹೇಳಿದ್ದಳು. ತನ್ನ ಮಕ್ಕಳದ್ದನ್ನು ತೊಳೆದು ಮುಗಿಸಿದ್ದೇನೆ, ಇನ್ನೊಬ್ಬರದ್ದು ತೊಳೆಯಲು ತನಗೇನು ತಲೆಕೆಟ್ಟಿದೆಯೇ ಎಂದು ಅವಳ ವಾದ. ರತ್ನಾವತಿಗೆ ಸಿಟ್ಟು ಬಂದರೂ ಒಳಗೊಳಗೆ ಅದು ನ್ಯಾಯ ಎಂದೇ ಕಂಡಿತ್ತು.

ಇನ್ನು ಮನೆಯ ಗಂಡಸರು. ಸೂರಜ್‌ಗೆ ನಾತ ಬಂದ ಕೂಡಲೇ ಹೋಟೆಲಿನ ನೆನಪಾಗುತ್ತಿತ್ತು. ಪುರಸೈವಾಕ್ಕಂನಲ್ಲಿ ಅವನ ತಂದೆಯ ಪಾಲುಗಾರಿಕೆಯ ಸಸ್ಯಾಹಾರಿ ಹೋಟೆಲು, ಅವನು ದುಡ್ಡಿನ ಗಲ್ಲಾದಲ್ಲಿ ಕೂರುವವನು. ಒಮ್ಮೆ ವೀಕ್ಷಾ ಮೀಯುತ್ತಿದ್ದಾಗ ವರುಣ್ ಪರದೆಯ ಹಿಂದೆ ಹೋದ. ಸೂರಜ್ ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಬಚ್ಚಲಿನ ಬಾಗಿಲು ಬಡಿದು ಬೇಗ ಬಾ ಎಂದು ಹೆಂಡತಿಯನ್ನು ಕರೆದು, ಶರ್ಟು ಹಾಕಿಕೊಂಡು ಹೊರಟೇ ಹೋದ. ಅವಳು ತಲೆಯಲ್ಲಿ ಶಾಂಪೂ ನೊರೆ ಇಟ್ಟುಕೊಂಡೇ ಬಂದು ಬಳಿದಳು. ಆ ರಾತ್ರಿ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ.

"ಬಿಟ್ಟುಬಿಡು ಆ ಕೆಲಸ. ಎಂತಕ್ಕೆ ಈ ರಗಳೆ?"

"ಕೆಲಸ ಬಿಟ್ರೆ ಇವನು ಹೇಲುದು ನಿಲ್ಲಿಸ್ತಾನಾ?" ಎಂದಳು ವೀಕ್ಷಾ.

"ಊಟದ ಹೊತ್ತಿಗೆ ಎಂತ ಮಾತು ಅದು," ಎಂದು ಮಾವ ಸದಾನಂದರು ಅರ್ಧ ಊಟಕ್ಕೆ ಎದ್ದು ಕೈ ತೊಳೆಯಲು ಹೋದರು. ತಟ್ಟೆ ಅಲ್ಲೇ ಉಳಿಯಿತು.

ತಟ್ಟೆ ಅಲ್ಲೇ ಉಳಿಯುವುದು ಆ ಮನೆಯ ಕಟ್ಟಳೆ. ಸದಾನಂದರು ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಮದ್ರಾಸಿಗೆ ಬಂದು, ಹೋಟೆಲಿನಲ್ಲಿ ಜನ ಉಂಡ ಎಲೆ ಎತ್ತಿ, ಟೇಬಲ್ ಒರೆಸಿ ಮೇಲೆ ಬಂದವರು. ಸಪ್ಲೈಯರ್ ಆದ ದಿವಸ, ಇನ್ನು ಈ ಕೈಯಲ್ಲಿ ಎಂಜಲು ಮುಟ್ಟುವುದಿಲ್ಲ ಎಂದು ಶಪಥ ಮಾಡಿದರಂತೆ. ಪರರ ಎಂಜಲಿಗೆ ಮಾಡಿದ ಶಪಥ ಬರಬರುತ್ತ ತಮ್ಮ ಎಂಜಲಿಗೂ ಹತ್ತಿತು. ಉಂಡು ಎದ್ದರೆ ಮುಗಿಯಿತು, ತಟ್ಟೆ ತಿರುಗಿ ನೋಡಿದವರಲ್ಲ. ಸೂರಜ್ ಯಾವ ಶಪಥವನ್ನೂ ಮಾಡದೆಯೇ ಅದನ್ನು ಕಲಿತಿದ್ದ.

ಆ ತಟ್ಟೆಗಳನ್ನು ಎತ್ತುತ್ತಿದ್ದವಳು ರತ್ನಾವತಿ. ಅಂಚನ್ನು ಎರಡೇ ಬೆರಳಲ್ಲಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಕಟ್ಟಿ ಸಿಂಕಿಗೆ ಹಾಕುವಳು. ಹಿಂದಿನದಕ್ಕೆ ಹೋಲಿಸಿದರೆ ಇದು ಹೆಚ್ಚಲ್ಲ. ಮದುವೆಯಾದ ಹೊಸತರಲ್ಲಿ ಅವಳ ಅತ್ತೆ ಊರಿನ ಮನೆಯಲ್ಲಿ ಗಂಡ ಉಂಡ ಎಲೆಯಲ್ಲೇ ಅವಳನ್ನು ಉಣ್ಣಲು ಕೂರಿಸುತ್ತಿದ್ದರು, ಅದು ಸಂಪ್ರದಾಯ. ಅಗಿದು ಬಿಟ್ಟ ನುಗ್ಗೆಯ ಚರಟ, ಬೆರಳು ಎಳೆದ ಗುರುತಿರುವ ಮಜ್ಜಿಗೆ, ಅದರ ಪಕ್ಕದಲ್ಲೇ ಬಿಸಿ ಅನ್ನ. ಉಂಡು ಹಿತ್ತಲಿಗೆ ಹೋಗಿ ಕಕ್ಕುವಳು. ಸೊಸೆ ಕಕ್ಕುತ್ತಾಳೆಂದು ಅತ್ತೆ ಸಂತೋಷಪಟ್ಟು ನೆರೆಮನೆಯವರಿಗೆಲ್ಲ ಸಕ್ಕರೆ ಹಂಚಿದ್ದರು. ನಿಜ ಸಂಗತಿ ಏನೆಂದು ರತ್ನಾವತಿ ಯಾರಿಗೂ ಹೇಳಿರಲಿಲ್ಲ.

ಎರಡನೆಯ ವಾರ ವರುಣ್ ಸ್ವಲ್ಪ ದಾರಿಗೆ ಬಂದ. ಉಚ್ಚೆಗೆ ಹೇಳುವನು, ಹೊಯ್ದ ಮೇಲೆ ಹೇಳುವನು, ಅಂತೂ ಹೇಳುವನು. ವೀಕ್ಷಾ ಫ್ರಿಜ್ಜಿಗೆ ಹಾಳೆ ಅಂಟಿಸಿ ಸರಿಯಾದ ದಿವಸಕ್ಕೆ ಒಂದೊಂದು ನಕ್ಷತ್ರ ಅಂಟಿಸುತ್ತಿದ್ದಳು. ಮೌನ ಆ ನಕ್ಷತ್ರಗಳನ್ನು ಕಿತ್ತು ತನ್ನ ಹಣೆಗೆ ಅಂಟಿಸಿಕೊಂಡಳು. ಅದಕ್ಕೊಂದು ಹೊಡೆದಾಟವಾಗಿ ವರುಣ್ ಅಕ್ಕನ ಕೈ ಕಚ್ಚಿದ, ಅಕ್ಕ ಅವನ ಮುಖಕ್ಕೆ ಸೀನಿದಳು, ಬೇಕೆಂದೇ.

ಜೂನ್ ಎರಡಕ್ಕೆ ವೀಕ್ಷಾ ಒಂದು ದಿವಸದ ಮಟ್ಟಿಗೆ ಆಫೀಸಿಗೆ ಹೋಗಿ ಕಾಗದಪತ್ರ ಕೊಟ್ಟು, ಹೊಸ ಕಂಪ್ಯೂಟರ್ ಪಾಠಕ್ಕೆ ಕೂರಬೇಕಾಗಿತ್ತು. ಹಿಂದಿನ ಸಂಜೆ ಸದಾನಂದರು ಮೊಮ್ಮಗನ ಮೇಲಿನ ಅಕ್ಕರೆಯಿಂದ ಹೋಟೆಲಿನ ಬಾದಾಮಿ ಹಲ್ವ ತಂದು ತಿನ್ನಿಸಿದರು. ಮೇಲಿಂದ ಎರಡು ಮಾವಿನಹಣ್ಣು. ಅಷ್ಟೆಲ್ಲ ಕೊಡಬೇಡಿ ಮಾವ ಎಂದು ವೀಕ್ಷಾ ಎರಡು ಸಲ ಹೇಳಿದ್ದಳು. ಮಗು ತಿಂದರೆ ನಿನ್ನ ಗಂಟೇನು ಹೋಯಿತು ಎಂದು ಅವರು ನಕ್ಕಿದ್ದರು.

ಬೆಳಿಗ್ಗೆ ವೀಕ್ಷಾ ಸೀರೆ ಉಟ್ಟು, ಬಾಗಿಲಲ್ಲಿ ನಿಂತು ಮಕ್ಕಳನ್ನು, ಅತ್ತೆಯನ್ನು ನೋಡಿ, ಹೋಗಲೋ ಬೇಡವೋ ಎಂಬಂತೆ ಹೊರಟಳು. ಹತ್ತೂವರೆಗೆ ವರುಣ್‌ಗೆ ಹೊಟ್ಟೆ ಕೆಟ್ಟಿತು.

ಅದು ಪರದೆಯ ಹಿಂದೆ ನಿಲ್ಲುವ ವ್ಯವಹಾರವಾಗಿರಲಿಲ್ಲ. ಅವನು ಹಾಲ್‌ನ ನಡುವೆ ನಿಂತಲ್ಲೇ ಹೇತುಬಿಟ್ಟ. ಗಾಬರಿಯಾಗಿ ಓಡಿದ, ಓಡಿದಲ್ಲೆಲ್ಲ ಹೋದ. ಸೋಫಾದ ಮೇಲೆ ಹತ್ತಿದ, ಜಾರಿ ಬಿದ್ದ, ಎದ್ದು ಅಜ್ಜಿಯ ಕಡೆಗೆ ಎರಡೂ ಕೈ ಚಾಚಿಕೊಂಡು ಬಂದ. ರತ್ನಾವತಿ ಹಿಂದೆ ಹಿಂದೆ ಸರಿದು ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಹೌದು, ಹಾಕಿಕೊಂಡಳು. ಅಳುವ ಮಗು ಹೊರಗೆ, ಅಜ್ಜಿ ಒಳಗೆ. ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. ಹೋಟೆಲು ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಒಮ್ಮೆ ಬನ್ನಿ, ನನ್ನಿಂದ ಆಗುವುದಿಲ್ಲ ಎಂದು ಅತ್ತಳು. ಸದಾನಂದರು ಹೆದರಬೇಡ, ಈಗಲೇ ವ್ಯವಸ್ಥೆ ಮಾಡುತ್ತೇನೆ ಎಂದರು.

ಕಾಲು ಗಂಟೆಯ ಮೇಲೆ ಬಾಗಿಲ ಗಂಟೆ ಬಡಿಯಿತು. ರತ್ನಾವತಿ ಸೆರಗನ್ನು ಮೂಗಿಗೆ ಒತ್ತಿ, ಗೋಡೆಗೆ ಅಂಟಿಕೊಂಡೇ ಹೋಗಿ ಬಾಗಿಲು ತೆಗೆದರೆ, ಬಂದದ್ದು ಗಂಡನಲ್ಲ. ಹೋಟೆಲಿನಲ್ಲಿ ಟೇಬಲ್ ಒರೆಸುವ ಬಾಬು. ಐವತ್ತೈದು ದಾಟಿದ ಮನುಷ್ಯ, ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದವನು. ಖಾಕಿ ಚಡ್ಡಿ, ಕೈಯಲ್ಲಿ ಬಾಲ್ದಿ, ಬಾಲ್ದಿಯಲ್ಲಿ ನೀಲಿ ಚೌಕಳಿಯ ಬಟ್ಟೆ.

"ಧಣಿಗಳು ಕಳಿಸಿದ್ರು ಅಮ್ಮ. ಎಲ್ಲಿ ಉಂಟು?"

ಅವನು ಒಳಗೆ ಇಣುಕಿದ. ಒಂದು ಕ್ಷಣ ಅವನೂ ಮುಖ ಕಿವುಚಿದ. ಅದನ್ನು ಅವಳು ನೋಡಿದಳು ಎಂದು ತಿಳಿದು ಕೂಡಲೇ ಮುಖ ಸರಿಮಾಡಿಕೊಂಡು ಚಪ್ಪಲಿ ಕಳಚಿದ.

"ಪರವಾಗಿಲ್ಲ ಅಮ್ಮ, ನಂಗೆ ಅಭ್ಯಾಸ ಉಂಟು. ಬೇಗ ಮಾಡ್ತೇನೆ. ಹನ್ನೊಂದೂವರೆಗೆ ಊಟಕ್ಕೆ ಟೇಬಲ್ ಒರೆಸ್ಬೇಕು."

"ಯಾವ ಬಟ್ಟೆಯಲ್ಲಿ?"

ಬಾಬು ಬಾಲ್ದಿ ನೋಡಿದ. "ಇದೇ ಅಮ್ಮ. ಚೆನ್ನಾಗಿ ಹಿಂಡ್ತೇನೆ."

ರತ್ನಾವತಿಗೆ ಮತ್ತೆ ಹೇಸಿಗೆ ಬಂತು. ಈ ಸಲ ಅದು ನೆಲದ ಮೇಲಿದ್ದದ್ದಕ್ಕೆ ಬಂದದ್ದಲ್ಲ. ಹೋಟೆಲಿನ ಚಮಚಕ್ಕೆ ಕಲೆ ಕಂಡರೆ ಆಕಾಶ ಭೂಮಿ ಒಂದು ಮಾಡುವ ಗಂಡ, ಮೊಮ್ಮಗನ ಹೇಲು ಬಳಿಯಲು ಜನ ಅನ್ನ ಉಣ್ಣುವ ಟೇಬಲ್ಲಿನ ಬಟ್ಟೆ ಕಳಿಸಿದ್ದಾರೆ. ವಯಸ್ಸಾದವನ ಕೈಯಲ್ಲಿ ಕಳಿಸಿದ್ದಾರೆ. ತಾವು ಮಾತ್ರ ಅಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾರೆ. ತಾನೂ ಹೆಚ್ಚಿನವಳಲ್ಲ, ಮಗುವಿನ ಮುಖಕ್ಕೆ ಬಾಗಿಲು ಹಾಕಿಕೊಂಡವಳು ಎಂಬುದೂ ಅದರ ಜೊತೆಗೇ ಹೊಳೆದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಬಾಬು, ನೀನು ಹೋಗು. ಇದು ನಮ್ಮ ಮನೆಯದ್ದು."

"ಧಣಿಗಳು ಬಯ್ತಾರೆ ಅಮ್ಮ."

"ಬಯ್ಲಿ. ಟೇಬಲ್ ಒರೆಸುವ ಬಟ್ಟೆ ಇದಕ್ಕೆ ಕಳಿಸಿದ್ರು ಅಂತ ನಾನು ಗಿರಾಕಿಗಳಿಗೆ ಹೇಳ್ತೇನೆ ಅಂತ ಹೇಳು."

ಅವನು ಹೋದ ಮೇಲೆ ಅವಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದಳು. ಮೊದಲು ಮಗುವನ್ನು ಎತ್ತಿದಳು. ಬೆಚ್ಚಗೆ, ಜಾರುತ್ತ, ಅವಳ ರವಿಕೆಗೆಲ್ಲ ಹತ್ತಿತು. ಬಚ್ಚಲಿನಲ್ಲಿ ನಿಲ್ಲಿಸಿ ನೀರು ಹೊಯ್ಯುವಾಗ ಅವಳೂ ಒಮ್ಮೆ ಕಕ್ಕಿದಳು. ವರುಣ್ ಅಳು ನಿಲ್ಲಿಸಿ ಅದನ್ನು ಬಹಳ ಆಸಕ್ತಿಯಿಂದ ನೋಡಿ, ಅಜ್ಜಿಯ ಬೆನ್ನು ತಟ್ಟಿದ. ಆ ಕೈ ಇನ್ನೂ ತೊಳೆದಿರಲಿಲ್ಲ. ಆಮೇಲೆ ನೆಲ, ಆಮೇಲೆ ಸೋಫಾ. ಅಷ್ಟರಲ್ಲಿ ಮತ್ತೆ ಹೋದ. ಮತ್ತೆ ತೊಳೆದಳು. ಮೊಮ್ಮಕ್ಕಳ ಮೇಲೆ ಪ್ರೀತಿ ಇದ್ದರೆ ನಾತ ಗೊತ್ತಾಗುವುದಿಲ್ಲ ಎಂದು ಹೇಳುವವರುಂಟು. ಅವರು ತೊಳೆದವರಲ್ಲ. ರತ್ನಾವತಿಗೆ ಪ್ರೀತಿಯೂ ಇತ್ತು, ನಾತವೂ ಬಂತು. ಮೌನ ಕುರ್ಚಿಯ ಮೇಲೆ ನಿಂತು ಅಲ್ಲಿ ಉಂಟು, ಇಲ್ಲಿ ಉಂಟು ಎಂದು ಬೆರಳು ತೋರಿಸಿ ಉಪಕಾರ ಮಾಡಿದಳು. ಕೆಲಸ ಮುಗಿದಾಗ ಒಂದು ಗಂಟೆ. ರತ್ನಾವತಿ ಮಿಂದು, ಮಗುವಿಗೆ ಮಜ್ಜಿಗೆ ಅನ್ನ ತಿನ್ನಿಸಿ ಮಲಗಿಸಿ, ಗಂಡಸರಿಗೆ ಅಡುಗೆಯನ್ನೂ ಮಾಡಿದಳು.

ಹೋಟೆಲಿನ ಊಟದ ಗದ್ದಲ ಮುಗಿಸಿ ಸದಾನಂದರು ಮೂರು ಗಂಟೆಗೆ ಬಂದರು. ಸೂರಜ್ ಗಲ್ಲಾ ಬಿಟ್ಟು ಬರಲಾಗದೆ ಅಲ್ಲೇ ಉಳಿದಿದ್ದ. ಬಾಬುವನ್ನು ವಾಪಸ್ ಕಳಿಸಿದ್ದಕ್ಕೆ ಅವರಿಗೆ ಸಿಟ್ಟಿತ್ತು, ಆದರೂ ಮನೆಯಲ್ಲಿ ಫಿನಾಯಿಲಿನ ವಾಸನೆ ಮಾತ್ರ ಇದ್ದದ್ದರಿಂದ ಚೆನ್ನಾಗಿ ಉಂಡರು. ಹುಳಿ, ಪಲ್ಯ, ಎರಡು ಸಲ ಅನ್ನ. ಮಜ್ಜಿಗೆ ಕಲಸುತ್ತ ಹೇಳಿದರು:

"ಸಂಜೆ ವೀಕ್ಷಾ ಬರ್ಲಿ, ಹೇಳಿಬಿಡುವಾ. ರಾಜೀನಾಮೆ ಬರೆದು ಕೊಡ್ಲಿ. ಇಂಥದ್ದು ತಾಯಿಯೇ ನೋಡ್ಬೇಕು. ನಿನ್ನಿಂದ ಆಗುದಿಲ್ಲ ಅಂತ ಗೊತ್ತಾಯ್ತಲ್ಲ."

"ಇವತ್ತು ನಾಲ್ಕು ಸಲ ತೊಳೆದೆ. ಆಯ್ತು."

"ಒಂದು ದಿವಸ ಆಯ್ತು. ದಿನಾ ಆಗ್ತದಾ?"

"ದಿನಾ ನಾನೇ ಯಾಕೆ? ಮನೆಯಲ್ಲಿ ಅವಳನ್ನು ಬಿಟ್ಟು ಮೂರು ಜನ ದೊಡ್ಡವರು ಇದ್ದೇವೆ. ಅವನು ಕಲಿತ್ರೆ ನರ್ಸರಿಗೆ ಹೋಗ್ತಾನೆ, ಇಲ್ಲದಿದ್ರೆ ಮನೆಯಲ್ಲಿರ್ತಾನೆ. ಅವಳು ಕೆಲಸ ಬಿಡುದಿಲ್ಲ."

ಹೆಂಗಸರ ಬಿಸಿ ತಾನೇ ಆರುತ್ತದೆ ಎಂದು ಸದಾನಂದರ ಅನುಭವ. ಬೆರಳು ನೆಕ್ಕಿ, ನುಗ್ಗೆಯ ಚರಟವನ್ನು ತಟ್ಟೆಯ ಅಂಚಿಗೆ ತಳ್ಳಿ ಎದ್ದರು.

"ತಟ್ಟೆ ತಕೊಂಡು ಹೋಗಿ," ಎಂದಳು ರತ್ನಾವತಿ.

ಅವರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ಯಾರಿಗೆ ಹೇಳುದು?"

"ನಿಮಗೆ. ನಿಮ್ಮ ಎಂಜಲು ನಂಗೆ ಹೇಸಿಗೆ ಆಗ್ತದೆ. ಇವತ್ತು ಶುರುವಾದದ್ದಲ್ಲ. ನಿಮ್ಮ ಅಮ್ಮ ನಿಮ್ಮ ಎಲೆಯಲ್ಲಿ ಕೂರಿಸಿದ ದಿವಸದಿಂದ."

ಮೂವತ್ತಾರು ವರ್ಷ ಇವಳು ಮುಖ ಪಕ್ಕಕ್ಕೆ ತಿರುಗಿಸಿದ್ದು ಸದಾನಂದರ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಮಗು ಹೇತದ್ದು ಹೇಸಿಗೆ ಅಲ್ವಾ ನಿನಗೆ?"

"ಹೇಸಿಗೆಯೇ. ಆದ್ರೆ ಅವನಿಗೆ ಮೂರು ವರ್ಷ. ನಿಮಗೆ ಅರವತ್ತೇಳು."

ಅವರು ಕೈ ತೊಳೆದು, ಮಲಗದೆ, ಕಾಫಿಗೂ ಕಾಯದೆ ಸ್ಕೂಟರ್ ಹತ್ತಿ ಹೋದರು. ತಟ್ಟೆ ಟೇಬಲ್ಲಿನ ಮೇಲೆ ಉಳಿಯಿತು. ಅನ್ನದ ಅಗುಳು ಒಣಗಿ ಅಂಟಿತು, ಮಜ್ಜಿಗೆ ಬಿರುಕು ಬಿಟ್ಟಿತು, ಚರಟಕ್ಕೆ ಇರುವೆ ಮುತ್ತಿದವು. ರತ್ನಾವತಿ ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕೂತು ಹುರುಳಿಕಾಯಿ ಬಿಡಿಸಿದಳು.

ಆರೂವರೆಗೆ ವೀಕ್ಷಾ ಬೆವರಿ ಸುಸ್ತಾಗಿ ಬಂದಳು. ಬಾಗಿಲಲ್ಲೇ ಮೌನ ನಡೆದದ್ದನ್ನೆಲ್ಲ ಅರ್ಧ ತಮಿಳಿನಲ್ಲಿ, ಅರ್ಧ ಕನ್ನಡದಲ್ಲಿ, ಯಾವ ಯಾವ ಬಣ್ಣದ್ದು ಎಲ್ಲೆಲ್ಲಿ ಎಂಬುದನ್ನೂ ಬಿಡದೆ ಒಪ್ಪಿಸಿದಳು. ವೀಕ್ಷಾಳ ಮುಖ ಇಳಿದುಹೋಯಿತು. ಇಡೀ ದಿವಸ ಆಫೀಸಿನಲ್ಲಿ ಕೂತು ಹೆದರಿದ್ದು ಇದಕ್ಕೇ. ಬ್ಯಾಗನ್ನು ಕೆಳಗಿಟ್ಟು, ನಾಳೆಯೇ ಕಾಗದ ಬರೆದು ಕೊಟ್ಟುಬಿಡುತ್ತೇನೆ ಅತ್ತೆ ಎಂದು ಸಣ್ಣ ಸ್ವರದಲ್ಲಿ ಹೇಳುತ್ತ, ಅಭ್ಯಾಸಬಲದಿಂದ ಮಾವನ ತಟ್ಟೆಗೆ ಕೈ ಚಾಚಿದಳು.

"ಮುಟ್ಟಬೇಡ ಅದನ್ನು," ಎಂದಳು ರತ್ನಾವತಿ. "ಮಾವ ಬಂದು ಎತ್ತುತ್ತಾರೆ."

ವೀಕ್ಷಾ ತಟ್ಟೆಯನ್ನೂ ಅತ್ತೆಯನ್ನೂ ನೋಡಿದಳು. "ಎತ್ತದಿದ್ರೆ?"

"ಎತ್ತದಿದ್ರೆ ನಾಳೆ ಅವರಿಗೆ ಅದರಲ್ಲೇ ಬಡಿಸ್ತೇನೆ. ನಾನು ಒಂದು ವರ್ಷ ಉಂಡಿದ್ದೇನೆ ಹಾಗೆ, ಎಂತ ಸಾಯ್ಲಿಲ್ಲ." ಅವಳು ಹುರುಳಿಕಾಯಿಯ ನಾರು ಎಳೆದು ಪಕ್ಕಕ್ಕೆ ಹಾಕಿದಳು. "ಅದಿರ್ಲಿ. ಹತ್ತನೇ ತಾರೀಕು ಮನೆಯಿಂದ ಎಷ್ಟು ಗಂಟೆಗೆ ಹೊರಡ್ಬೇಕು ನೀನು?"